ಬೆಳಗಾವಿಯ ಮಳೆಗಾಲದಲ್ಲಿ 1/24 ಅಳತೆಯ ಮಾದರಿ ಕಾರಿನ ಬಾಡಿಯ ಮೇಲೆ ಬಣ್ಣ ಸಿಂಪಡಿಸಬಹುದೇ?

ಟಿಳಕವಾಡಿ ಗ್ಯಾರೇಜ್ (ಬೆಳಗಾವಿ):

ನಮಸ್ಕಾರ. ಹಸೆಗಾವಾ ಕಂಪನಿಯ 1/24 ಅಳತೆಯ ಸುಜುಕಿ ಜಿಮ್ನಿ ಜೆಎ11 ಕಿಟ್ ಜೋಡಿಸುತ್ತಿದ್ದೇನೆ. ನಮ್ಮ ರಸ್ತೆಗಳಲ್ಲಿ ಓಡಾಡಿದ ಮಾರುತಿ ಜಿಪ್ಸಿಗೆ ಇದು ಹತ್ತಿರದ ಸಂಬಂಧಿ ಎಂಬ ಒಂದೇ ಕಾರಣಕ್ಕೆ ಆರಿಸಿಕೊಂಡ ಕಿಟ್ ಇದು. ಚಾಸಿ, ಪಟ್ಟಿ ಸ್ಪ್ರಿಂಗುಗಳು ಮತ್ತು ಚಕ್ರಗಳ ಜೋಡಣೆ ಮುಗಿದಿದೆ. ಬಾಡಿಯ ಮೇಲಿದ್ದ ಅಚ್ಚಿನ ಗೆರೆಗಳನ್ನು 600ರ ವಾಟರ್ ಪೇಪರಿನಿಂದ ಉಜ್ಜಿ ತೆಗೆದು, ಅಚ್ಚಿನ ಎಣ್ಣೆ ಹೋಗಲೆಂದು ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ತೊಳೆದು ಮುಚ್ಚಿಟ್ಟಿದ್ದೇನೆ.

ಇನ್ನು ಬಣ್ಣವೊಂದೇ ಬಾಕಿ. ತಮಿಯಾದ ಬೂದು ಪ್ರೈಮರ್ ಮತ್ತು ಟಿಎಸ್-9 ಬ್ರಿಟಿಷ್ ಗ್ರೀನ್ ಸ್ಪ್ರೇ ಡಬ್ಬಿಗಳು ಕೈಯಲ್ಲಿವೆ. ಆದರೆ ಜುಲೈ ತಿಂಗಳ ನಮ್ಮೂರಿನ ಮಳೆ ನಿಮಗೆ ಗೊತ್ತೇ ಇದೆ. ಕೋಣೆಯ ಆರ್ದ್ರತಾ ಮಾಪಕ ದಿನವಿಡೀ ಶೇಕಡಾ 90ರ ಆಸುಪಾಸಿನಲ್ಲಿರುತ್ತದೆ, ಉಷ್ಣಾಂಶ 23 ಡಿಗ್ರಿ. ಇಂಥ ಹವೆಯಲ್ಲಿ ಈ ಡಬ್ಬಿಗಳಲ್ಲಿರುವಂಥ ಲ್ಯಾಕರ್ (ಬೇಗ ಆರುವ ದ್ರಾವಕದ) ಬಣ್ಣ ಬೆಳ್ಳಗಾಗುತ್ತದೆ ಎಂದು ಕೇಳಿದ್ದೇನೆ. ನವರಾತ್ರಿಯವರೆಗೆ ಕಾಯುವುದೇ ಸರಿಯೇ, ಅಥವಾ ಮನೆಯೊಳಗೇ ಏನಾದರೂ ಉಪಾಯವಿದೆಯೇ? ಕಂಪ್ರೆಸರಿನ ಗಾಳಿಯಿಂದ ಬಣ್ಣ ಸಿಂಪಡಿಸುವ ಏರ್‌ಬ್ರಷ್ ಕೊಂಡರೆ ಈ ತೊಂದರೆ ತಪ್ಪುತ್ತದೆಯೇ? ನಿಜವಾದ ಕಾರುಗಳಿಗೆ ಹೊಡೆಯುವ ಬಣ್ಣವನ್ನೇ ಬಳಸು ಎಂದು ಗೆಳೆಯರೊಬ್ಬರು ಹೇಳುತ್ತಿದ್ದಾರೆ. ಅದರ ಬಗ್ಗೆಯೂ ತಿಳಿದವರು ಬರೆಯಬೇಕೆಂದು ಕೋರುತ್ತೇನೆ.

ಗುಮ್ಮಟದ ನೆರಳು (ವಿಜಯಪುರ):

ಕಾಯಬೇಕಾಗಿಲ್ಲ, ಆದರೆ ಬಣ್ಣ ಏಕೆ ಬೆಳ್ಳಗಾಗುತ್ತದೆ ಎಂಬುದನ್ನು ಮೊದಲು ತಿಳಿದುಕೊಂಡರೆ ಉಪಾಯ ತಾನಾಗಿ ಹೊಳೆಯುತ್ತದೆ. ಲ್ಯಾಕರಿನಲ್ಲಿರುವ ದ್ರಾವಕ ಬಹಳ ಬೇಗ ಆವಿಯಾಗುತ್ತದೆ, ಆವಿಯಾಗಲು ಬೇಕಾದ ಶಾಖವನ್ನು ಬಾಡಿಯ ಮೇಲ್ಮೈಯಿಂದಲೇ ಹೀರಿಕೊಳ್ಳುತ್ತದೆ, ಹೀಗಾಗಿ ಹಸಿ ಬಣ್ಣದ ಪದರ ಸುತ್ತಲಿನ ಗಾಳಿಗಿಂತ ಕೆಲವು ಡಿಗ್ರಿ ತಣ್ಣಗಾಗುತ್ತದೆ. 23 ಡಿಗ್ರಿಯಲ್ಲಿ ಶೇಕಡಾ 90 ಆರ್ದ್ರತೆ ಇದ್ದಾಗ ಇಬ್ಬನಿ ಬಿಂದು (ಗಾಳಿಯ ತೇವ ನೀರಾಗಿ ಇಳಿಯತೊಡಗುವ ಉಷ್ಣಾಂಶ) ಸುಮಾರು 21 ಡಿಗ್ರಿ. ಅಂದರೆ ಮೇಲ್ಮೈ ಕೇವಲ ಎರಡು ಡಿಗ್ರಿ ತಣ್ಣಗಾದರೂ ಸಾಕು, ಗಾಳಿಯ ನೀರು ಹಸಿ ಬಣ್ಣದ ಮೇಲೆ ಇಳಿದು ಅದರೊಳಗೆ ಸಿಕ್ಕಿಕೊಳ್ಳುತ್ತದೆ. ಬ್ಲಶಿಂಗ್ ಎನ್ನುವುದು ಇದನ್ನೇ. ತಿಳಿ ಬಣ್ಣದಲ್ಲಿ ಅದು ಕಣ್ಣಿಗೆ ಬೀಳದೆ ಹೋಗಬಹುದು, ಆದರೆ ನೀವು ಆರಿಸಿರುವ ಕಡು ಹಸಿರಿನಲ್ಲಿ ಬೂದಿ ಮೆತ್ತಿದ ಹಾಗೆ ಎದ್ದು ಕಾಣುತ್ತದೆ.

ಈಗ ಅದೇ ಕೋಣೆಯ ಗಾಳಿಯನ್ನು 30 ಡಿಗ್ರಿಗೆ ಬಿಸಿ ಮಾಡಿದಿರಿ ಎನ್ನೋಣ. ಗಾಳಿಯಲ್ಲಿರುವ ನೀರು ಅಷ್ಟೇ, ಇಬ್ಬನಿ ಬಿಂದುವೂ 21ರಲ್ಲೇ ಉಳಿಯುತ್ತದೆ, ಆದರೆ ಸಾಪೇಕ್ಷ ಆರ್ದ್ರತೆ ಶೇಕಡಾ 60ಕ್ಕೆ ಇಳಿಯುತ್ತದೆ. ಇನ್ನು ನೀರು ಕೂರಬೇಕಾದರೆ ಬಣ್ಣದ ಪದರ ಒಂಬತ್ತು ಡಿಗ್ರಿ ತಣ್ಣಗಾಗಬೇಕು. ಆದ್ದರಿಂದ ಚಿಕ್ಕ ಕೋಣೆಯೊಂದನ್ನು ಆರಿಸಿ, ಕಿಟಕಿ ಮುಚ್ಚಿ, ಹೀಟರ್ ಹಚ್ಚಿ, ಬಾಡಿಯನ್ನೂ ಅದೇ ಕೋಣೆಯಲ್ಲಿ ಒಂದು ಗಂಟೆ ಬೆಚ್ಚಗಾಗಲು ಬಿಡಿ. ಗಾಳಿ ಮಾತ್ರ ಬಿಸಿಯಾಗಿ ಪ್ಲಾಸ್ಟಿಕ್ ತಣ್ಣಗೇ ಉಳಿದರೆ ಪ್ರಯೋಜನವಿಲ್ಲ. ಸಿಂಪಡಿಸುವ ಮೊದಲು ಹೀಟರನ್ನು ಆರಿಸಿ, ಕೋಣೆಯಿಂದಲೇ ಹೊರಗಿಡಿ. ಡಬ್ಬಿಯಿಂದ ಬರುವ ಅನಿಲವೂ ದ್ರಾವಕದ ಆವಿಯೂ ಹೊತ್ತಿಕೊಳ್ಳುವಂಥವು. ದೇವರ ಮನೆಯ ದೀಪವೂ ಹತ್ತಿರವಿರಬಾರದು.

ನಮ್ಮ ವಿಜಯಪುರದ ಕಷ್ಟ ಇದಕ್ಕೆ ತೀರ ವಿರುದ್ಧವಾದದ್ದು. ಏಪ್ರಿಲ್ ತಿಂಗಳ 40 ಡಿಗ್ರಿಯ ಒಣ ಹವೆಯಲ್ಲಿ ಬಣ್ಣದ ಹನಿ ಬಾಡಿಯನ್ನು ಮುಟ್ಟುವ ಮೊದಲೇ ಅರ್ಧ ಒಣಗಿ, ಹೊಳಪಿಲ್ಲದ ತರಿತರಿ ಮೇಲ್ಮೈ ಉಳಿಯುತ್ತದೆ. ಸ್ಪ್ರೇ ಡಬ್ಬಿಯನ್ನು 40 ಡಿಗ್ರಿಗಿಂತ ಹೆಚ್ಚಿನ ಶಾಖದಲ್ಲಿ ಇಡಬೇಡಿ ಎಂದು ಜಪಾನಿನ ತಯಾರಕರು ಬರೆದಿರುತ್ತಾರೆ. ನಮ್ಮಲ್ಲಿ ಮಧ್ಯಾಹ್ನದ ನೆರಳೇ ಆ ಗೆರೆ ದಾಟುತ್ತದೆ. ಹಾಗಾಗಿ ಇಲ್ಲಿ ಬೆಳಗಿನ ಜಾವವೇ ಬಣ್ಣದ ಹೊತ್ತು, ಅದೂ ನೆಲಕ್ಕೆ ನೀರು ಚಿಮುಕಿಸಿ ಧೂಳು ಅಡಗಿಸಿದ ಮೇಲೆ.

ಏರ್‌ಬ್ರಷ್ ಬಗ್ಗೆ ಕೇಳಿದ್ದೀರಿ. ಏರ್‌ಬ್ರಷ್ ಕೊಂಡ ಮಾತ್ರಕ್ಕೆ ಬ್ಲಶಿಂಗ್ ನಿಲ್ಲುವುದಿಲ್ಲ, ಮಳೆಗಾಲದಲ್ಲಿ ಕಂಪ್ರೆಸರಿನ ಕೊಳವೆಯೊಳಗೂ ನೀರು ಕಟ್ಟುವುದರಿಂದ ನೀರು ಹಿಡಿಯುವ ಫಿಲ್ಟರ್ ಬೇರೆ ಬೇಕಾಗುತ್ತದೆ. ಆದರೆ ಥಿನ್ನರ್ ನಮ್ಮ ಆಯ್ಕೆಗೆ ಸಿಗುತ್ತದೆ ಎಂಬುದು ಅದರ ದೊಡ್ಡ ಲಾಭ. ಮಿಸ್ಟರ್ ಕಲರ್ ಲೆವೆಲಿಂಗ್ ಥಿನ್ನರಿನಲ್ಲಿ ಒಣಗುವಿಕೆಯನ್ನು ನಿಧಾನಗೊಳಿಸುವ ರಿಟಾರ್ಡರ್ ಇರುತ್ತದೆ. ನಿಧಾನವಾಗಿ ಆವಿಯಾದರೆ ಮೇಲ್ಮೈ ಅಷ್ಟು ತಣ್ಣಗಾಗುವುದಿಲ್ಲ, ಹನಿಯೂ ಗಾಳಿಯಲ್ಲೇ ಒಣಗುವುದಿಲ್ಲ. ನಿಮ್ಮ ಮಳೆಗೂ ನಮ್ಮ ಬಿಸಿಲಿಗೂ ಅದೊಂದೇ ಮದ್ದು.

ಉದ್ಯಮಬಾಗ್ ಬೂತ್ (ಬೆಳಗಾವಿ):

ವಾಹನಗಳಿಗೆ ಬಣ್ಣ ಹೊಡೆಯುವುದೇ ನನ್ನ ಕೆಲಸ, ಮಾದರಿ ಕಾರು ರವಿವಾರದ ಹವ್ಯಾಸ. ಮೇಲಿನವರು ಹೇಳಿದ ಬಿಸಿ ಕೋಣೆಯ ಲೆಕ್ಕ ಸರಿಯಾಗಿದೆ. ನಮ್ಮ ವೃತ್ತಿಯಲ್ಲೂ ಮಳೆಗಾಲ ಬಂತೆಂದರೆ ಎನ್‌ಸಿ (ನೈಟ್ರೊಸೆಲ್ಯುಲೋಸ್ ಲ್ಯಾಕರ್) ಬಣ್ಣಕ್ಕೆ ರಿಟಾರ್ಡರ್ ಸೇರಿಸುವುದು ಹಳೆಯ ರೂಢಿ.

ನಿಮ್ಮ ಗೆಳೆಯರ ಸಲಹೆಯನ್ನು ಮಾತ್ರ ನಾನು ಒಪ್ಪುವುದಿಲ್ಲ. ಕಿಟ್ಟಿನ ಬಾಡಿ ಪಾಲಿಸ್ಟೈರೀನ್. ನಮ್ಮ ಅಂಗಡಿಗಳಲ್ಲಿ ಸಿಗುವ ಎನ್‌ಸಿ ಥಿನ್ನರ್ ಅದನ್ನು ಕರಗಿಸುವಷ್ಟು ಖಾರವಾದದ್ದು, ಪ್ರೈಮರ್ ತೆಳ್ಳಗಿರುವ ಅಂಚುಗಳಲ್ಲಿ ಇಳಿದು ಪ್ಲಾಸ್ಟಿಕ್ಕಿನ ಮೇಲೆ ಕೂದಲೆಳೆಯ ಬಿರುಕುಗಳನ್ನು ಬಿಡಿಸುತ್ತದೆ. ಅದನ್ನು ತಡೆಯಲು ಪ್ರೈಮರನ್ನು ದಪ್ಪವಾಗಿ ಹೊಡೆದರೆ ಬಾಗಿಲಿನ ಗೆರೆಗಳೂ ಬಾನೆಟ್ಟಿನ ಏಣುಗಳೂ ಮುಚ್ಚಿಹೋಗುತ್ತವೆ. ಲೋಹದ ಮಿನುಗಿರುವ ಕಾರು ಬಣ್ಣಗಳಲ್ಲಂತೂ ಮಿನುಗಿನ ಕಣವೇ ಈ ಅಳತೆಗೆ ಅತಿ ದೊಡ್ಡದು. 3.3 ಮೀಟರ್ ಉದ್ದದ ಬಾಡಿಯ ಮೇಲೆ ಚೆಂದ ಕಾಣುವ ಕಣ 14 ಸೆಂಟಿಮೀಟರಿನ ಮೇಲೆ ಜರಿಯಂತೆ ಕಾಣುತ್ತದೆ. ಇನ್ನು 2ಕೆ ಕ್ಲಿಯರ್, ಅಂದರೆ ಹಾರ್ಡ್ನರ್ ಬೆರೆಸಿ ಹೊಡೆಯುವ ಪಾರದರ್ಶಕ ಮೇಲ್ಪದರ. ಅದರ ಹೊಳಪಿಗೆ ಸಾಟಿಯಿಲ್ಲ ಎಂಬುದು ನಿಜ, ಆದರೆ ಹಾರ್ಡ್ನರಿನಲ್ಲಿರುವ ಐಸೊಸಯನೇಟ್ ಶ್ವಾಸಕೋಶಕ್ಕೆ ಸೇರಿದರೆ ಜೀವಮಾನವಿಡೀ ಕಾಡುವ ಉಬ್ಬಸ ಬರಬಹುದು, ಬಟ್ಟೆಯ ಮಾಸ್ಕಿನಿಂದ ಅದು ನಿಲ್ಲುವುದಿಲ್ಲ. ಮನೆಯ ಕೋಣೆಯಲ್ಲಿ, ಮಕ್ಕಳು ಓಡಾಡುವ ಜಾಗದಲ್ಲಿ ಅದನ್ನು ಬಳಸಬೇಡಿ ಎಂದು ವೃತ್ತಿಯವನಾಗಿ ಒತ್ತಿ ಹೇಳುತ್ತೇನೆ. ಸಾಮಾನ್ಯ ಲ್ಯಾಕರ್ ಸಿಂಪಡಿಸುವಾಗಲೂ ಸಾವಯವ ಆವಿ ಹೀರುವ ಇದ್ದಿಲಿನ ಕಾರ್ಟ್ರಿಜ್ ಇರುವ ಮುಖವಾಡ ಬೇಕು, ಕೆಲಸ ಮುಗಿದ ಕೂಡಲೇ ಕಿಟಕಿಗಳನ್ನು ತೆರೆದು ಹೊರಬನ್ನಿ.

ಡಬ್ಬಿಯಿಂದಲೇ ಹೊಡೆಯಿರಿ. 15ರಿಂದ 20 ಸೆಂಟಿಮೀಟರ್ ದೂರದಿಂದ, ಬಾಡಿಯ ಆಚೆ ಆರಂಭಿಸಿ ಆಚೆಯೇ ನಿಲ್ಲಿಸುವಂತೆ ಕೈಯಾಡಿಸಿ. ಮೊದಲ ಎರಡು ಸಲ ಹಿಂದಿನ ಪದರ ಕಾಣುವಷ್ಟು ತೆಳ್ಳಗೆ, ಕೊನೆಯದು ಮಾತ್ರ ಹಸಿಹಸಿಯಾಗಿ. ಬ್ಲಶಿಂಗ್ ಹೆಚ್ಚಾಗಿ ಕಾಡುವುದು ಆ ಹಸಿ ಪದರದಲ್ಲೇ. ಆದ್ದರಿಂದ ತೆಳು ಪದರಗಳನ್ನು ಈಗ ಮುಗಿಸಿ, ಹಸಿ ಪದರಕ್ಕೆ ಮಾಪಕ 60–65ಕ್ಕೆ ಇಳಿದ ಹೊತ್ತನ್ನೇ ಹುಡುಕಿ. ಒಂದು ವೇಳೆ ಬೆಳ್ಳಗಾದರೂ ಉಜ್ಜಿ ಕೆಡಿಸಬೇಡಿ, ಒಣ ಹವೆಯ ದಿನ ಅದರ ಮೇಲೆ ಇನ್ನೊಂದು ಪದರ ಬಿದ್ದಾಗ ದ್ರಾವಕ ಹಳೆಯದನ್ನು ಮೆತ್ತಗೆ ಮಾಡುವುದರಿಂದ ಸಿಕ್ಕಿಕೊಂಡ ನೀರು ಬಹುಮಟ್ಟಿಗೆ ಹೊರಬೀಳುತ್ತದೆ.

ನವನಗರ ಸೆಕ್ಟರ್ (ಬಾಗಲಕೋಟೆ):

ಹವೆ ನೋಡಿ ಕಾಯುವ ದಿನಗಳಲ್ಲಿ ಒಳಾಂಗಣದ ಕೆಲಸ ಮುಗಿಸಿಕೊಳ್ಳಿ. ಸೀಟು, ಡ್ಯಾಶ್‌ಬೋರ್ಡ್ ಮುಂತಾದವಕ್ಕೆ ನೀರಿನಲ್ಲಿ ಬೆರೆಯುವ ಅಕ್ರಿಲಿಕ್ ಬಣ್ಣವನ್ನು ಕುಂಚದಿಂದ ಹಚ್ಚಬಹುದು. ಅದು ಒಣಗುವುದು ತಡ, ಅಷ್ಟೇ. ಕ್ರೋಮ್ ಲೇಪನವಿರುವ ಬಿಡಿಭಾಗ ಯಾವ ಕಿಟ್ಟಿನಲ್ಲಿದ್ದರೂ ಅಂಟು ಹಚ್ಚುವ ಜಾಗದ ಲೇಪನವನ್ನು ಕೆರೆದೇ ಅಂಟಿಸಬೇಕು, ಏಕೆಂದರೆ ಪ್ಲಾಸ್ಟಿಕ್ ಸಿಮೆಂಟ್ ಲೇಪನವನ್ನು ಹಿಡಿಯುವುದಿಲ್ಲ. ಕಿಟಕಿಯ ಗಾಜಿಗೆ ಸೂಪರ್ ಗ್ಲೂ ಬೇಡ, ಅದರ ಆವಿಯಿಂದ ಪಾರದರ್ಶಕ ಪ್ಲಾಸ್ಟಿಕ್ ಮಂಜಾಗುತ್ತದೆ. ಮರಗೆಲಸದ ಬಿಳಿ ಅಂಟು ಸಾಕು. ಒಂದು ಎಚ್ಚರಿಕೆ: ಮ್ಯಾಟ್ ವಾರ್ನಿಷ್ ಸ್ಪ್ರೇ ಕೂಡ ತೇವದ ಹವೆಯಲ್ಲಿ ಬೆಳ್ಳಗಾಗುತ್ತದೆ, ಒಳಾಂಗಣವೆಂದು ಉದಾಸೀನ ಮಾಡಬೇಡಿ.

ಪರೀಕ್ಷೆಗೆ ಹಿಂದೆ ಪ್ಲಾಸ್ಟಿಕ್ ಚಮಚೆಗಳ ಮೇಲೆ ಸಿಂಪಡಿಸಿ ನೋಡುತ್ತಿದ್ದೆವು. 2022ರ ಜುಲೈ 1ರಿಂದ ಅವುಗಳ ಮಾರಾಟಕ್ಕೆ ನಿಷೇಧವಿದೆ, ಹವ್ಯಾಸಿಗಳ ಈ ಕಷ್ಟ ಸರ್ಕಾರದ ಗಮನಕ್ಕೆ ಬಂದಿರಲಾರದು! ಬಿಡಿಭಾಗಗಳನ್ನು ಕತ್ತರಿಸಿದ ಮೇಲೆ ಉಳಿಯುವ ಚೌಕಟ್ಟಿನ ತುಂಡಿಗೇ ಪ್ರೈಮರ್ ಹಚ್ಚಿ, ಬಾಡಿಗೆ ಕೈ ಹಾಕುವ ಮೊದಲು ಆ ದಿನದ ಹವೆಯಲ್ಲಿ ಅದರ ಮೇಲೆ ಬಣ್ಣ ಸಿಂಪಡಿಸಿ ಹತ್ತು ನಿಮಿಷ ನೋಡಿ.

ಟಿಳಕವಾಡಿ ಗ್ಯಾರೇಜ್ (ಬೆಳಗಾವಿ):

ಎಲ್ಲರಿಗೂ ಧನ್ಯವಾದಗಳು. ಬಿಸಿ ಕೋಣೆಯಲ್ಲಿ ಪ್ರೈಮರಿನಿಂದ ಆರಂಭಿಸುತ್ತೇನೆ. ಇನ್ನೂ ಬಣ್ಣ ಬೀಳದಿರುವುದರಿಂದ ಕೇಳುತ್ತಿದ್ದೇನೆ: ಈ ಬಾಡಿಯನ್ನೇ ಕತ್ತರಿಸಿ ಉದ್ದ ಮಾಡಿ ಜಿಪ್ಸಿಯಾಗಿಸಲು ಸಾಧ್ಯವೇ? ಕ್ಲಿಯರ್ ಹೊಡೆದ ಮೇಲೆ ಪಾಲಿಶ್ ಮಾಡಲು ಎಷ್ಟು ದಿನ ಬಿಡಬೇಕು?

ಗುಮ್ಮಟದ ನೆರಳು (ವಿಜಯಪುರ):

ಪಾಲಿಶ್‌ಗೆ ಕನಿಷ್ಠ ಒಂದು ವಾರ, ನಿಮ್ಮ ಮಳೆಗಾಲದಲ್ಲಿ ಎರಡು ವಾರ ಬಿಡಿ. ಮೇಲೆ ಗಟ್ಟಿಯಾಗಿ ಕಂಡರೂ ಒಳಗಿನ ದ್ರಾವಕ ನಿಧಾನವಾಗಿ ಹೊರಬರುತ್ತಿರುತ್ತದೆ. ಮೂಗಿನ ಹತ್ತಿರ ಹಿಡಿದಾಗ ಬಣ್ಣದ ವಾಸನೆ ಬರುತ್ತಿದ್ದರೆ ಇನ್ನೂ ಸಮಯವಾಗಿಲ್ಲ. ಆಮೇಲೆ 2000ದ ವಾಟರ್ ಪೇಪರ್, ನಂತರ ಪಾಲಿಶಿಂಗ್ ಕಾಂಪೌಂಡ್. ಏಣುಗಳ ಮೇಲೆ ಕೈ ಹಗುರವಾಗಿರಲಿ, ಬಣ್ಣ ಮೊದಲು ಸವೆಯುವುದು ಅಲ್ಲೇ.

ಜಿಪ್ಸಿಯ ವಿಚಾರ: 1985ರಲ್ಲಿ ಬಂದ ಜಿಪ್ಸಿ ಸುಜುಕಿಯ ಎಸ್‌ಜೆ410 ಎಂಬ ವಾಹನದ ಉದ್ದನೆಯ ರೂಪ. ಅದರ ಚಕ್ರಾಂತರ (ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ) 2375 ಮಿಲಿಮೀಟರ್, ನಿಮ್ಮ ಜೆಎ11ರದು 2030. ಈ 345 ಮಿಲಿಮೀಟರಿನ ವ್ಯತ್ಯಾಸ 1/24 ಅಳತೆಯಲ್ಲಿ ಸುಮಾರು 14 ಮಿಲಿಮೀಟರ್ ಆಗುತ್ತದೆ. ಚಾಸಿಗೆ ಅಷ್ಟು ತುಂಡು ಸೇರಿಸುವುದು ಕಷ್ಟವಲ್ಲ, ಆದರೆ ಬಾಡಿಯ ಹಿಂಭಾಗವನ್ನು ಪ್ಲಾಸ್ಟಿಕ್ ಹಾಳೆಯಿಂದ ಹೊಸದಾಗಿಯೇ ಕಟ್ಟಬೇಕು, ಮುಂಭಾಗದ ಚಹರೆಯೂ ಬೇರೆ. ಮೊದಲ ಕಿಟ್ ಆಗಿದ್ದರೆ ಜಿಮ್ನಿಯಾಗಿಯೇ ಮುಗಿಸಿ. ಊರಿನ ಗುರುತು ಬೇಕೆಂದರೆ ಕೆಎ 22ರ ನಂಬರ್ ಪ್ಲೇಟ್ ಮಾಡಿಕೊಳ್ಳಬಹುದು. ಸಾಮಾನ್ಯ ಮುದ್ರಣ ಯಂತ್ರ ಬಿಳಿ ಬಣ್ಣ ಅಚ್ಚು ಹಾಕುವುದಿಲ್ಲವಾದ್ದರಿಂದ ಪಾರದರ್ಶಕ ಹಾಳೆಯ ಬದಲು ಬಿಳಿ ಹಿನ್ನೆಲೆಯ ಡೆಕಾಲ್ (ಮಾದರಿಯ ಮೇಲೆ ಅಂಟಿಸುವ ಚಿತ್ರದ) ಹಾಳೆಯನ್ನೇ ತರಿಸಿ.