ಪದಚರ್ಚೆ: ಟ್ರ್ಯಾಕಿನ ಓಟ, ನೋಟ, ಕಾಟ

ಎಲ್ಲರಿಗೂ ನಮಸ್ಕಾರ. ಚಿಕ್ಕಬಳ್ಳಾಪುರದಿಂದ ಬರೆಯುತ್ತಿದ್ದೇನೆ. ಕೆಲವು ಪದಗಳ ಬಗ್ಗೆ ನಿಮ್ಮನ್ನು ಕೇಳಬೇಕಿದೆ. ಮೊದಲು ಯಾಕೆ ಬೇಕಾಯಿತು ಅಂತ ಹೇಳಿಬಿಡುತ್ತೇನೆ.

ನನ್ನ ತಂಗಿಯ ಮಗ ಪಿಯುಸಿ ಓದುತ್ತಿದ್ದಾನೆ. ಈ ರಜೆಯಲ್ಲಿ ಟ್ರ್ಯಾಕ್‌ಮೇನಿಯಾ ಎಂಬ ಕಾರ್ ರೇಸ್ ಆಟದಲ್ಲಿ ತನ್ನದೇ ಒಂದು ಟ್ರ್ಯಾಕ್ ಕಟ್ಟಿದ. ಫ್ರಾನ್ಸಿನ ನಾಡಿಯೋ ಕಂಪನಿ 2003ರಲ್ಲಿ ಶುರು ಮಾಡಿದ ಆಟ ಅದು. ರಸ್ತೆಯ ತುಂಡುಗಳನ್ನು ಒಂದಕ್ಕೊಂದು ಜೋಡಿಸಿ ಆಡುವವರೇ ಟ್ರ್ಯಾಕ್ ಮಾಡಬಹುದು. ಇವನ ಟ್ರ್ಯಾಕ್ ಎಲ್ಲೂ ಇಲ್ಲದ ಊರಿನ ರಸ್ತೆ. ಆದರೆ ಕಟ್ಟುವಾಗ ಮನಸ್ಸಿನಲ್ಲಿದ್ದದ್ದು ನಮ್ಮ ನಂದಿ ಬೆಟ್ಟದ ಘಾಟಿ. ಗೆಳೆಯರಿಗೆ ಕೊಡುವಾಗ ಕನ್ನಡದಲ್ಲೇ ಒಂದು ಪುಟದ ವಿವರಣೆ ಇರಲಿ ಅಂತ ಅವನ ಆಸೆ. ಅದನ್ನು ಬರೆದುಕೊಡುತ್ತೇನೆ ಎಂದು ನಾನು ಒಪ್ಪಿಕೊಂಡೆ.

ಟ್ರ್ಯಾಕನ್ನು ಮೊದಲು ಆಡಿದ್ದು ಅವನ ಇಬ್ಬರು ಗೆಳೆಯರು. ಒಂದು ತಿರುವಿನಲ್ಲಿ ಇಬ್ಬರೂ ಮತ್ತೆ ಮತ್ತೆ ಗೋಡೆಗೆ ಬಡಿದರು. ಒಬ್ಬ ಎದ್ದೇ ಹೋದ. ಇವನು ತಾನೂ ನಾಲ್ಕು ಸಲ ಆಡಿ ನೋಡಿ ಹೇಳಿದ: 'ದೊಡ್ಡಮ್ಮ, ಅವನು ಎದ್ದು ಹೋಗಿದ್ದು ಸರಿ. ಈ ಟರ್ನಿಂಗ್ ಕಷ್ಟ ಅಲ್ಲ, ಕಾಟ.'

ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಕಷ್ಟಕ್ಕೂ ಕಾಟಕ್ಕೂ ಇರುವ ಅಂತರವನ್ನು ಅವನು ಎಷ್ಟು ಸಲೀಸಾಗಿ ಹೇಳಿದ ನೋಡಿ. ಕಷ್ಟದ ಟ್ರ್ಯಾಕಿನಲ್ಲಿ ಸೋತರೆ ತಪ್ಪು ನಮ್ಮದು ಅಂತ ಗೊತ್ತಾಗುತ್ತದೆ. ಇನ್ನೊಂದು ಸಲ ಆಡೋಣ ಅನ್ನಿಸುತ್ತದೆ. ಕಾಟದ ಟ್ರ್ಯಾಕಿನಲ್ಲಿ ಕಲಿಯೋಕೆ ಏನೂ ಸಿಗುವುದಿಲ್ಲ. ಸುಮ್ನೆ ಏಟು ತಿನ್ನುತ್ತಿರಬೇಕು.

ಆಮೇಲೆ ಅವನ ಪಕ್ಕ ಕೂತು ಬೇರೆ ಆಟಗಳ ಕಾಲ್ಪನಿಕ ಟ್ರ್ಯಾಕುಗಳನ್ನೂ ನೋಡಿದೆ, ಕೆಲವನ್ನು ಆಡಿದೆ. ಮಾರಿಯೋ ಕಾರ್ಟ್ ಸರಣಿಯ ರೇನ್‌ಬೋ ರೋಡ್ ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ಅದು ಮೊದಲು ಬಂದದ್ದು 1992ರಲ್ಲಿ. ಬಣ್ಣಬಣ್ಣದ ರಸ್ತೆ, ಅಂಚಿಗೆ ತಡೆಯೇ ಇಲ್ಲ. ಸ್ವಲ್ಪ ಜಾರಿದರೂ ಕೆಳಕ್ಕೆ. ಆಗ ಲಾಕಿಟು ಎಂಬ ಪಾತ್ರ ಮೋಡದ ಮೇಲೆ ಕೂತು ಬಂದು ಗಾಳದಲ್ಲಿ ಎತ್ತಿ ರಸ್ತೆಗೆ ಬಿಡುತ್ತದೆ. ಅಷ್ಟರಲ್ಲಿ ಉಳಿದವರು ಮುಂದೆ ಹೋಗಿರುತ್ತಾರೆ. ಬಹಳ ಕಷ್ಟದ ಟ್ರ್ಯಾಕ್. ಆದರೂ ಅಂಚು ಕಣ್ಣಿಗೆ ಕಾಣುತ್ತದೆ, ತಿರುವು ಕಾಣುತ್ತದೆ. ಬಿದ್ದರೆ ಯಾಕೆ ಬಿದ್ದೆ ಅಂತ ಗೊತ್ತಿರುತ್ತದೆ. 1996ರ ಮಾರಿಯೋ ಕಾರ್ಟ್ 64ರಲ್ಲಿ ಇದೇ ಹೆಸರಿನ ಟ್ರ್ಯಾಕಿಗೆ ಎರಡೂ ಅಂಚಿನಲ್ಲಿ ತಡೆ ಬಂತು, ಉದ್ದವೂ ಜಾಸ್ತಿಯಾಯಿತು. ನೋಡೋಕೆ ತುಂಬಾ ಚೆಂದ. ಬೀಳುವ ಭಯ ಮಾತ್ರ ಹೆಚ್ಚುಕಡಿಮೆ ಹೋಯಿತು. ಮೂರನೇ ಸುತ್ತಿಗೆ ನನಗೆ ಸಪ್ಪೆ ಅನ್ನಿಸಿತು. ಹಾಗಾಗಿ ಕಷ್ಟ, ಕಾಟದ ಪಕ್ಕದಲ್ಲಿ ಸಪ್ಪೆಗೂ ಜಾಗ ಬೇಕು. ಉಪ್ಪಿಲ್ಲದ ಸಾರಿಗೆ ಹೇಳುವ ಮಾತನ್ನು ಟ್ರ್ಯಾಕಿಗೂ ಹೇಳಬಹುದು, ಅಲ್ವಾ?

ಈಗ ಪದಗಳಿಗೆ ಬರುತ್ತೇನೆ. ಕಾಡು ಎಂಬ ಕ್ರಿಯಾಪದದಿಂದ ಕಾಟ ಬಂದಿದೆ. ಆಡು, ಆಟ. ಓಡು, ಓಟ. ನೋಡು, ನೋಟ. ಮಾಡು, ಮಾಟ. ಎಲ್ಲ ಒಂದೇ ಅಚ್ಚಿನವು. ವಿವರಣೆಗೆ ನನಗೆ ಬೇಕಾದ ಪದಗಳೆಲ್ಲ ಈ ಒಂದೇ ಮನೆಯಲ್ಲಿ ಸಿಕ್ಕಿದ್ದು ನೋಡಿ ಬಹಳ ಖುಷಿಯಾಯಿತು.

ನೋಟದಿಂದ ಶುರು ಮಾಡುತ್ತೇನೆ, ಯಾಕಂದರೆ ಜಗಳ ಆಗಿದ್ದೇ ಅಲ್ಲಿ. ಗೆಳೆಯರು ಬಡಿದ ತಿರುವು ಒಂದು ದಿಣ್ಣೆಯ ಆಚೆ ಇತ್ತು. ದಿಣ್ಣೆ ಹತ್ತುವವರೆಗೆ ಕಣ್ಣಿಗೆ ಬರೀ ಆಕಾಶ. ಹತ್ತಿದ ಮೇಲೆ ಬಲಕ್ಕೆ ತಿರುವು, ಅದೂ ಅರ್ಧಕ್ಕೆ ಬಂದ ಮೇಲೆ ಇನ್ನಷ್ಟು ಬಿಗಿ. ವೇಗ ಎರಡರಷ್ಟಾದರೆ ಬ್ರೇಕ್ ಹಾಕಿ ನಿಲ್ಲಿಸಲು ಬೇಕಾದ ದೂರ ಸುಮಾರು ನಾಲ್ಕರಷ್ಟಾಗುತ್ತದೆ. ಅಂದಮೇಲೆ ಜೋರಾಗಿ ಬರುವವನಿಗೆ ಎಷ್ಟು ದೂರದಿಂದ ತಿರುವು ಕಾಣಬೇಕು ಯೋಚಿಸಿ. ನಮ್ಮ ಘಾಟಿಯಲ್ಲಿ ತಿರುವಿಗೆ ಮುಂಚೆ ಫಲಕ ಇರುತ್ತದೆ, ಡ್ರೈವರ್ ಹಾರ್ನ್ ಹೊಡೆಯುತ್ತಾನೆ. ಕಾಣದ ಕಡೆ ಹೇಗಾದರೂ ತಿಳಿಸುತ್ತಾರೆ. ಇವನು ದಿಣ್ಣೆಗೆ ಮುಂಚೆ ಬಾಣದ ಗುರುತಿನ ಒಂದು ಫಲಕ ಇಟ್ಟ, ಅಷ್ಟೇ. ತಿರುವನ್ನು ಕೂದಲೆಳೆಯಷ್ಟೂ ಬದಲಾಯಿಸಲಿಲ್ಲ. ಎದ್ದು ಹೋಗಿದ್ದ ಹುಡುಗ ಮಾರನೇ ದಿನ ಬಂದು ಒಂದು ಗಂಟೆ ಆಡಿದ. ಕಾಟ ಹೋಗಿ ಕಷ್ಟ ಉಳಿಯಿತು.

ಇಂಥ ಕಡೆ ಬಳಸಲು 'ನೋಟ' ಸಾಕೇ? 'ಈ ತಿರುವಿಗೆ ನೋಟ ಕಡಿಮೆ' ಅಂತ ಬರೆದರೆ ನಿಮಗೆ ಅರ್ಥ ಆಗುತ್ತದೆಯೇ? ಹುಡುಗರು ಈ ಜಾಗಕ್ಕೆ 'ಮೋಸ' ಅಂದರು. ಅದೂ ಒಳ್ಳೆಯ ಮಾತೇ. ನನ್ನ ಕಿವಿಗೆ ಅದರಲ್ಲಿ ಒಂದು ಭೇದ ಕೇಳುತ್ತದೆ: ಮುಚ್ಚಿಟ್ಟು ಹೊಡೆದರೆ ಮೋಸ, ಬಿಡದೆ ಹೊಡೆದರೆ ಕಾಟ. ನಿಮಗೂ ಹಾಗೇ ಕೇಳುತ್ತದೆಯೇ?

ಇನ್ನು ಓಟ. ಇಂಗ್ಲಿಷಿನಲ್ಲಿ ಆಡುವವರು ಫ್ಲೋ ಅನ್ನುತ್ತಾರೆ. ಕೆಲವರು ಇದನ್ನು 'ಹರಿವು' ಮಾಡಿದ್ದನ್ನು ನೋಡಿದ್ದೇನೆ. ನನಗೆ ಅದು ಹಿಡಿಸಲಿಲ್ಲ. ಕತೆ ಚೆನ್ನಾಗಿ ಸಾಗಿದರೆ 'ಕತೆಯ ಓಟ ಚೆನ್ನಾಗಿದೆ' ಅನ್ನುತ್ತೇವೆ. ಪದ್ಯಕ್ಕೂ ಓಟ ಇರುತ್ತದೆ. ಒಂದು ತಿರುವು ಮುಗಿದ ಕಡೆಯೇ ಮುಂದಿನ ತಿರುವಿಗೆ ಕಾರು ಸರಿಯಾಗಿ ನಿಂತಿದ್ದರೆ ಟ್ರ್ಯಾಕಿಗೂ ಅದೇ ಗುಣ ಬಂತು. 1997ರ ಗ್ರ್ಯಾನ್ ಟುರಿಸ್ಮೊ ಆಟದಲ್ಲಿ ಟ್ರಯಲ್ ಮೌಂಟನ್ ಎಂಬ ಕಾಲ್ಪನಿಕ ಟ್ರ್ಯಾಕ್ ಇದೆ. ಬೆಟ್ಟ, ಮರ, ಸುರಂಗ, ಏರಿಳಿತ. ಅದನ್ನು ಆಡುವಾಗ ಕೈ ತಾನಾಗಿ ಎಡಕ್ಕೂ ಬಲಕ್ಕೂ ಹೋಗುತ್ತದೆ. 2022ರಲ್ಲಿ ಅದು ಹೊಸ ರೂಪದಲ್ಲಿ ಬಂದಾಗ ಕೊನೆಯ ಎಡಬಲ ತಿರುವನ್ನು ಬದಲಾಯಿಸಿದರು. ಹಳಬರು ಆ ತಿರುವಿನ ಬಗ್ಗೆ ಯಾಕೆ ಅಷ್ಟು ಮಾತಾಡುತ್ತಾರೆ ಅಂತ ಈಗ ನನಗೆ ಅರ್ಥವಾಗುತ್ತದೆ. ಬಾಯಿಪಾಠ ಆಗಿದ್ದ ಪದ್ಯದ ಕೊನೆಯ ಸಾಲು ಬದಲಾದ ಹಾಗೆ ಅದು.

ನಂದಿಯ ಘಾಟಿ ಇಲ್ಲಿ ನನಗೆ ಇನ್ನೊಂದು ವಿಷಯ ಹೇಳಿಕೊಟ್ಟಿತು. ಬೆಟ್ಟದ ನೆತ್ತಿ ಸಮುದ್ರಮಟ್ಟದಿಂದ 1478 ಮೀಟರ್ ಎತ್ತರದಲ್ಲಿದೆ. ನೆಟ್ಟಗೆ ರಸ್ತೆ ಹಾಕಿದರೆ ಬಸ್ಸು ಏರುವುದಿಲ್ಲ. ಅದಕ್ಕೇ ರಸ್ತೆ ಬಳಸಿ ಬಳಸಿ ಹೋಗುತ್ತದೆ. ಅಲ್ಲಿನ ಪ್ರತಿ ತಿರುವಿಗೂ ಬೆಟ್ಟವೇ ಕಾರಣ. ಕಾಲ್ಪನಿಕ ಟ್ರ್ಯಾಕಿನಲ್ಲಿ ಬೆಟ್ಟ ನಮ್ಮದೇ, ತಿರುವೂ ನಮ್ಮದೇ. ಬಯಲಿನ ನಡುವೆ ಸುಮ್ಮನೆ ಹೇರ್‌ಪಿನ್ ಇಟ್ಟರೆ ಆಡುವವನಿಗೆ ಅದು ಯಾರೋ ಬೇಕಂತಲೇ ಕೊಟ್ಟ ತೊಂದರೆ ಅನ್ನಿಸುತ್ತದೆ. ಅದೇ ತಿರುವನ್ನು ಒಂದು ಕೆರೆಯ ಏರಿಯ ಸುತ್ತ ಬಳಸಿದರೆ ಒಪ್ಪಿಕೊಳ್ಳುತ್ತಾನೆ. ಇವನು ಕೊನೆಗೆ ಹಾಗೇ ಮಾಡಿದ್ದಾನೆ.

ಓಟದ ತೊಡಕು ಒಂದೇ: ರೇಸಿಗೂ ಓಟ ಅನ್ನುತ್ತೇವೆ. 'ಓಟದ ಟ್ರ್ಯಾಕಿನ ಓಟ' ಅಂದರೆ ಓದುವವರು ಎಡವುತ್ತಾರೆ. ಅದಕ್ಕೆ ನಾನು ರೇಸನ್ನು ರೇಸ್ ಅಂತಲೇ ಉಳಿಸಿಕೊಂಡು ಓಟವನ್ನು ಈ ಗುಣಕ್ಕೆ ಮೀಸಲಿಟ್ಟಿದ್ದೇನೆ. ಟ್ರ್ಯಾಕ್ ಕೂಡ ಟ್ರ್ಯಾಕೇ. 'ಪಥ' ಅಂತ ಬರೆದರೆ ಹುಡುಗರು ಓದುವುದಿಲ್ಲ.

ನಾಲ್ಕನೆಯದು ಮಾಟ. ಟ್ರ್ಯಾಕ್ ಕಟ್ಟಿರುವ ರೀತಿ, ಅದರ ರೂಪ, ಅಳತೆ ಎಲ್ಲಕ್ಕೂ ಸೇರಿ 'ಟ್ರ್ಯಾಕಿನ ಮಾಟ' ಎನ್ನಲು ನನಗೆ ಬಹಳ ಆಸೆ. ಮಾಟವಾದ ಮೂಗು ಅನ್ನುತ್ತೇವಲ್ಲ, ಆ ಮಾಟ. ಆದರೆ ನನ್ನ ತಂಗಿ ಓದಿದ ಕೂಡಲೇ 'ಅಯ್ಯೋ, ಮಾಟ ಮಂತ್ರ ಅನ್ಸುತ್ತೆ ಅಕ್ಕ' ಅಂದಳು. ಬಿಟ್ಟುಬಿಡಲು ಮನಸ್ಸಿಲ್ಲ. ನಿಮ್ಮ ಊರಿನಲ್ಲಿ ಒಳ್ಳೆಯ ಅರ್ಥದ ಮಾಟ ಇನ್ನೂ ಮಾತಿನಲ್ಲಿ ಇದೆಯೇ? ಬಡಗಿಗಳು, ಕುಂಬಾರರು ಬಳಸುವುದನ್ನು ಯಾರಾದರೂ ಕೇಳಿದ್ದೀರಾ?

ಮತ್ತೆ ಕಾಡುವಿಕೆಗೆ ಬರುತ್ತೇನೆ. 'ಕಾಡುವ ಹಾಡು' ಅಂದರೆ ಹೊಗಳಿಕೆ. 'ಹಾಡಿನ ಕಾಟ' ಅಂದರೆ ಪಕ್ಕದ ಮನೆಯ ಸ್ಪೀಕರ್. ಕ್ರಿಯಾಪದದಲ್ಲಿ ಎರಡೂ ಅರ್ಥ ಉಳಿದಿವೆ, ನಾಮಪದದಲ್ಲಿ ಕೆಟ್ಟದ್ದು ಮಾತ್ರ ಉಳಿಯಿತು. ಹಾಗಾದರೆ ರಾತ್ರಿ ಮಲಗಿದ ಮೇಲೂ ಕಣ್ಣಮುಂದೆ ಓಡುವ ಟ್ರ್ಯಾಕಿನ ಗುಣಕ್ಕೆ ಏನು ಹೇಳೋಣ? ಸದ್ಯಕ್ಕೆ 'ಗುಂಗು' ಅಂತ ಬರೆದಿದ್ದೇನೆ. 'ಗುಂಗು ಹಿಡಿಸುವ ಟ್ರ್ಯಾಕ್.' ನನಗೆ ಸರಿ ಅನ್ನಿಸುತ್ತದೆ. ಇನ್ನೂ ಒಳ್ಳೆಯದಿದ್ದರೆ ತಿಳಿಸಿ.

ಕೊನೆಯದು ನಿಜವಾಗಿ ಉತ್ತರ ಸಿಗದ ಪ್ರಶ್ನೆ. ಒಳಹೋಗುವಾಗ ಅಗಲವಾಗಿದ್ದು, ಹೋಗ್ತಾ ಹೋಗ್ತಾ ಬಿಗಿಯಾಗುವ ತಿರುವಿಗೆ ಕನ್ನಡದಲ್ಲಿ ಏನನ್ನುತ್ತಾರೆ? ನಾನು 'ಮುದುಡು ತಿರುವು' ಅಂತ ಕಟ್ಟಿದ್ದೇನೆ. ಹಾಗೆ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಇಲ್ಲಿನ ಬಸ್ ಡ್ರೈವರುಗಳನ್ನು ಕೇಳಿದರೆ ಎಲ್ಲದಕ್ಕೂ ಟರ್ನಿಂಗ್. ಬಾಗೇಪಲ್ಲಿ ಕಡೆ ಮನೆಯಲ್ಲಿ ತೆಲುಗು ಆಡುವವರು ಮಲುಪು ಅನ್ನುತ್ತಾರೆ, ಅದೂ ಎಲ್ಲ ತಿರುವಿಗೂ. ಎತ್ತಿನ ಗಾಡಿ ಹೊಡೆದ ಹಿರಿಯರು, ಘಾಟಿಯಲ್ಲಿ ಲಾರಿ ಓಡಿಸಿದವರು ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ಕೇಳಿ. ಟ್ರ್ಯಾಕಿನ ಉಳಿದ ಎಲ್ಲ ತಿರುವಿಗೂ ಹೆಸರು ಬರೆದಾಗಿದೆ. ದಿಣ್ಣೆಯಾಚೆಯ ಆ ಒಂದು ತಿರುವಿನ ಹೆಸರಿನ ಫಲಕವನ್ನು ಹುಡುಗ ಖಾಲಿ ಬಿಟ್ಟಿದ್ದಾನೆ. ಬರೆಯುವಾಗ ಪದದ ಜೊತೆ ಯಾವ ಊರಿನ ಮಾತು ಅನ್ನುವುದನ್ನೂ ಸೇರಿಸಿ.