ಹುಲ್ಲು ಕತ್ತರಿಸುವ ಮೆಷಿನ್ ಹೊಸತಾಗಿ ತಗೊಂಡವರು ಮೊದಲ ದಿನದ ಅನುಭವ ಹೇಳ್ತೀರಾ?

ಹಿರಿಯಡಕದಿಂದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮದು ಉಡುಪಿ ಹತ್ತಿರ ಹಿರಿಯಡಕ. ಮನೆ ಸುತ್ತ 60 ಸೆಂಟ್ಸ್ ಜಾಗ ಉಂಟು. ಹದಿನಾಲ್ಕು ತೆಂಗಿನ ಮರ, ಸ್ವಲ್ಪ ಅಡಿಕೆ, ಹಿಂದೆ ಬರೆಯ (ಮಣ್ಣಿನ ಕಡಿದಾದ ಅಂಚಿನ) ಬದಿ ಇಳಿಜಾರು. ಯಜಮಾನರು ಮಸ್ಕತ್‌ನಲ್ಲಿದ್ದಾರೆ. ಮನೆಯಲ್ಲಿ ನಾನು, ಅತ್ತೆ, ಶಾಲೆಗೆ ಹೋಗುವ ಮಗಳು. ಇಷ್ಟು ವರ್ಷ ಹುಲ್ಲು ತೆಗೆಯಲು ಬರುತ್ತಿದ್ದವರಿಗೆ ಪ್ರಾಯ ಆಯಿತು. ಬೇರೆ ಜನ ಸಿಗುತ್ತಿಲ್ಲ. ಕಳೆದ ಆಗಸ್ಟ್‌ನಲ್ಲಿ ಬಾವಿಗೆ ಹೋಗುವ ದಾರಿಯಲ್ಲೇ ಕನ್ನಡಿ ಹಾವು ಮಲಗಿತ್ತು. ಹುಲ್ಲು ಮೊಣಕಾಲವರೆಗೆ ಬೆಳೆದಿದ್ದರಿಂದ ಹತ್ತಿರ ಹೋಗುವವರೆಗೂ ಕಾಣಲೇ ಇಲ್ಲ. ಆ ದಿನವೇ ತೀರ್ಮಾನ ಮಾಡಿದೆ, ಈ ಸಲ ಮೆಷಿನ್ ತಂದು ನಾನೇ ಕತ್ತರಿಸುವುದು ಅಂತ.

ಟು-ಸ್ಟ್ರೋಕ್ (ಪೆಟ್ರೋಲಿಗೇ ಆಯಿಲ್ ಬೆರೆಸುವ ಎಂಜಿನ್) ಒಳ್ಳೆಯದಾ, ಫೋರ್-ಸ್ಟ್ರೋಕಾ (ಆಯಿಲ್ ಬೇರೆಯಾಗಿ ಹಾಕುವುದು)? ಕತ್ತರಿಸಲು ತುದಿಗೆ ನೈಲಾನ್ ಹಗ್ಗವಾ, ಬ್ಲೇಡಾ? ಹೆಂಗಸರಿಗೆ ತುಂಬಾ ಭಾರ ಆಗುತ್ತದಾ? ಅಂಗಡಿಯಲ್ಲಿ ಕೇಳಿದರೆ ಎಲ್ಲವೂ ಸುಲಭ ಅನ್ನುತ್ತಾರೆ. ಮನೆಯಲ್ಲಿ ಸ್ವಂತ ಬಳಸಿದವರು ಹೇಳಿ.

ಪರ್ಕಳದಿಂದ

ಅಕ್ಕ, ನಾನು ಕಳೆದ ವರ್ಷ ಜೂನ್ ಕೊನೆಗೆ ತಗೊಂಡೆ. ಫೋರ್-ಸ್ಟ್ರೋಕ್, ಹೋಂಡಾ ಜಿಎಕ್ಸ್35 ಎಂಜಿನ್, 35.8 ಸಿಸಿ. ಹೆಗಲಿಗೆ ಬೆಲ್ಟ್ ಹಾಕಿ ಬದಿಗೆ ನೇತುಹಾಕಿಕೊಳ್ಳುವಂಥದ್ದು. ಮೊದಲ ದಿನ ಏನೇನಾಯಿತು ಅಂತ ಬಿಡಿಸಿ ಹೇಳುತ್ತೇನೆ. ನನಗೆ ಯಾರೂ ಹೇಳಿರಲಿಲ್ಲ, ಹಾಗಾಗಿ ಆ ದಿನ ಬೇಡದ ಕಷ್ಟವೆಲ್ಲ ಪಟ್ಟೆ.

ಮೊದಲನೆಯದು ಆಯಿಲ್. ಹೊಸ ಫೋರ್-ಸ್ಟ್ರೋಕ್ ಮೆಷಿನ್ ಪೆಟ್ಟಿಗೆಯಲ್ಲಿ ಬರುವಾಗ ಸಾಮಾನ್ಯವಾಗಿ ಎಂಜಿನ್‌ನಲ್ಲಿ ಆಯಿಲ್ ಇರುವುದಿಲ್ಲ. ನೀವೇ ತುಂಬಿಸಬೇಕು. ತುಂಬಿಸದೆ ಸ್ಟಾರ್ಟ್ ಮಾಡುವ ಹಗ್ಗ ಎಳೆದರೆ ಎಂಜಿನ್ ಕಥೆ ಮುಗಿಯಿತು. ಈ ಎಂಜಿನ್‌ಗೆ ಹಿಡಿಯುವುದೇ 100 ಎಂಎಲ್. ಸುಮಾರು ಅರ್ಧ ಲೋಟ, ಅಷ್ಟೇ. ಅದರಲ್ಲಿ 30 ಎಂಎಲ್ ಕಡಿಮೆಯಾದರೂ ದೊಡ್ಡ ವ್ಯತ್ಯಾಸ ಅಲ್ವಾ? ಹಾಗಾಗಿ ಪ್ರತಿ ಸಲ ಸ್ಟಾರ್ಟ್ ಮಾಡುವ ಮೊದಲು ಮುಚ್ಚಳ ತೆಗೆದು ನೋಡುತ್ತೇನೆ. ಮೊದಲ ಹತ್ತು ಗಂಟೆ ಓಡಿದ ಮೇಲೆ ಬದಲಿಸಬೇಕು, ಆಮೇಲೆ 50 ಗಂಟೆಗೊಮ್ಮೆ ಅಥವಾ ಆರು ತಿಂಗಳಿಗೊಮ್ಮೆ.

ಸ್ಟಾರ್ಟ್ ಮಾಡುವುದು ಕಷ್ಟ ಆಗಲಿಲ್ಲ. ಪೆಟ್ರೋಲ್ ಬರುವ ಪ್ಲಾಸ್ಟಿಕ್ ಗುಳ್ಳೆಯನ್ನು ಏಳೆಂಟು ಸಲ ಒತ್ತಿದೆ. ಚೋಕ್ ಹಾಕಿದೆ. ಮೂರನೇ ಎಳೆತಕ್ಕೆ ಶುರುವಾಯಿತು. ಕಷ್ಟ ಆಮೇಲೆ. ಮೊದಲ ಹತ್ತು ನಿಮಿಷ ಹುಲ್ಲು ಕತ್ತರಿಸಲೇ ಇಲ್ಲ. ಹುಲ್ಲು ಮಲಗುತ್ತಿತ್ತು, ಇಲ್ಲವಾದರೆ ಹಗ್ಗದ ಬುಡಕ್ಕೆ ಸುತ್ತಿಕೊಳ್ಳುತ್ತಿತ್ತು. ದುಡ್ಡು ಹಾಳಾಯಿತಾ ಅಂತ ನಿಜಕ್ಕೂ ಹೆದರಿದೆ. ತಪ್ಪು ನನ್ನದೇ. ಹೆದರಿಕೆಯಲ್ಲಿ ರೇಸ್ ಕಡಿಮೆ ಕೊಡುತ್ತಿದ್ದೆ. ಹುಲ್ಲಿಗೆ ತಾಗಿಸುವ ಮೊದಲೇ ಪೂರ್ತಿ ರೇಸ್ ಕೊಡಬೇಕು, ಆಮೇಲೆ ಒಳಗೆ ಬಿಡಬೇಕು. ಇನ್ನೊಂದು, ಮೊಣಕಾಲೆತ್ತರದ ಹುಲ್ಲನ್ನು ಒಂದೇ ಸಲ ಬುಡಕ್ಕೆ ಹೊಡೆಯಲು ಹೋಗಬಾರದು. ಮೊದಲು ಮೇಲಿನ ಅರ್ಧ, ಆಮೇಲೆ ಬುಡ. ಎರಡು ಸಲ ಹೋಗುವುದು ಉದ್ದ ಕೆಲಸ ಅನಿಸಬಹುದು. ಸುತ್ತಿಕೊಂಡ ಹುಲ್ಲು ಬಿಡಿಸುತ್ತ ಕೂರುವುದಕ್ಕಿಂತ ಬೇಗ ಮುಗಿಯುತ್ತದೆ.

ಬೀಸುವ ರೀತಿಯೂ ಮುಖ್ಯ. ನನ್ನ ಮೆಷಿನ್‌ನಲ್ಲಿ ಮೇಲಿಂದ ನೋಡಿದರೆ ಬ್ಲೇಡ್ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗುತ್ತದೆ. ನೇರ ದಂಡದ ಮೆಷಿನ್‌ಗಳಲ್ಲಿ ಹೆಚ್ಚಾಗಿ ಹೀಗೇ. ಹಾಗಾಗಿ ಬಲದಿಂದ ಎಡಕ್ಕೆ ಬೀಸಿದಾಗ ಕೊಯ್ಯಬೇಕು. ಕೊಯ್ದದ್ದು ಎಡಗಡೆ, ಆಗಲೇ ಕೊಯ್ದ ಜಾಗದಲ್ಲಿ ಬೀಳುತ್ತದೆ. ಬ್ಲೇಡ್ ಹಾಕಿದಾಗ ಮುಂದಿನ ಬಲ ಮೂಲೆ ಅಪಾಯದ್ದು. ಗಡಿಯಾರದಲ್ಲಿ 12ರಿಂದ 3ರ ನಡುವಿನ ಭಾಗ ಅಂದುಕೊಳ್ಳಿ. ಆ ಭಾಗ ಕಲ್ಲಿಗೋ ದಪ್ಪ ಬುಡಕ್ಕೋ ತಾಗಿದರೆ ಇಡೀ ಮೆಷಿನ್ ಬಲಕ್ಕೆ ಚಿಮ್ಮುತ್ತದೆ. ನನಗೆ ಒಂದು ಸಲ ಆಗಿದೆ, ತೆಂಗಿನ ಬುಡದ ಹತ್ತಿರ. ಬೆಲ್ಟ್ ಇದ್ದುದರಿಂದ ಉಳಿದೆ.

ಬೆಲ್ಟ್ ಬಗ್ಗೆ ಜಾಸ್ತಿ ಹೇಳಬೇಕು, ನಿಮ್ಮ ಭಾರದ ಪ್ರಶ್ನೆಗೆ ಉತ್ತರ ಅಲ್ಲೇ ಉಂಟು. ಮೆಷಿನ್ ಏಳೆಂಟು ಕಿಲೋ ಬರುತ್ತದೆ. ಕೈಯಲ್ಲಿ ಹೊತ್ತರೆ ಹತ್ತು ನಿಮಿಷ ಆಗುವುದಿಲ್ಲ. ಮೊದಲ ದಿನ ಬೆಲ್ಟ್ ಸಡಿಲ ಬಿಟ್ಟು, ಎಲ್ಲ ಭಾರ ತೋಳಿನಲ್ಲಿ ಹೊತ್ತೆ. ರಾತ್ರಿ ಊಟಕ್ಕೆ ಕೂತರೆ ಕೈ ಜುಮುಜುಮು, ತುತ್ತು ಹಿಡಿಯಲು ಆಗುತ್ತಿರಲಿಲ್ಲ. ಮರುದಿನ ಸರಿ ಮಾಡಿದೆ. ಮೆಷಿನ್ ನೇತುಹಾಕಿ ಎರಡೂ ಕೈ ಬಿಡಿ. ತುದಿ ನೆಲಕ್ಕಿಂತ ಸ್ವಲ್ಪ ಮೇಲೆ ತಾನಾಗಿ ನಿಲ್ಲಬೇಕು. ಹಾಗೆ ನಿಂತರೆ ಕೈಗೆ ಬರೀ ಬೀಸುವ ಕೆಲಸ. ಅಂಗಡಿಯಲ್ಲಿಯೇ ಹಾಕಿಸಿಕೊಂಡು ನೋಡಿ. ಎರಡೂ ಹೆಗಲಿಗೆ ಬರುವ ಬೆಲ್ಟ್ ಕೇಳಿ. ಇಪ್ಪತ್ತು ನಿಮಿಷ ಕೊಯ್ದು ಐದು ನಿಮಿಷ ನಿಲ್ಲಿಸಿ. ನಡುಕ ಒಂದೇ ಸಮನೆ ಕೈಗೆ ಹೋದರೆ ಬೆರಳಿನ ರಕ್ತ ಓಡಾಟಕ್ಕೆ ಒಳ್ಳೆಯದಲ್ಲ.

ಬರೆಯ ಬದಿಯಲ್ಲಿ ಅಡ್ಡಕ್ಕೆ ನಡೆಯಿರಿ, ಮೇಲೆ ಕೆಳಗೆ ಹತ್ತಿ ಇಳಿಯಬೇಡಿ. ಮಳೆ ಬಿಟ್ಟು ಒಂದೆರಡು ದಿನ ಬಿಸಿಲು ಬಿದ್ದ ಮೇಲೆಯೇ ಅಲ್ಲಿಗೆ ಹೋಗಿ. ನಮ್ಮ ಕೆಂಪು ಕಲ್ಲಿಗೆ ಹಾವಸೆ ಹಿಡಿದರೆ ಎಷ್ಟು ಜಾರುತ್ತದೆ ಅಂತ ಗೊತ್ತಲ್ಲ.

ಎರಡು ಆಳು ಎರಡು ದಿನ ಮಾಡುತ್ತಿದ್ದ ಕೆಲಸ ನಾನು ನಾಲ್ಕು ಬೆಳಿಗ್ಗೆಯಲ್ಲಿ ಮುಗಿಸಿದೆ. ನನಗೆ ತುಂಬಾ ಸಮಾಧಾನ ಆಯಿತು.

ಕಿನ್ನಿಗೋಳಿಯಿಂದ

ಪರ್ಕಳದವರು ಚೆನ್ನಾಗಿ ಹೇಳಿದ್ದಾರೆ. ಹಗ್ಗ, ಬ್ಲೇಡ್ ಬಗ್ಗೆ ನಾನು ಸೇರಿಸುತ್ತೇನೆ. ಎಂಟು ವರ್ಷದಿಂದ ಅಡಿಕೆ ತೋಟದಲ್ಲಿ ಬಳಸುತ್ತಿದ್ದೇನೆ.

ಮನೆ ಬದಿಯ ಮೆದು ಹುಲ್ಲಿಗೆ, ಕಂಪೌಂಡ್ ಅಂಚಿಗೆ ನೈಲಾನ್ ಹಗ್ಗ. ಮುಳಿಹುಲ್ಲು, ಕಮ್ಯುನಿಸ್ಟ್ ಗಿಡ ಎಲ್ಲ ಬಲಿತರೆ ಬ್ಲೇಡೇ ಬೇಕು. ನಾಚಿಕೆ ಮುಳ್ಳಿಗೂ ಬ್ಲೇಡ್ ಹಾಕಿ. ಹಗ್ಗದಲ್ಲಿ ಹೊಡೆದರೆ ಅದು ಪುಡಿಯಾಗಿ ಮುಳ್ಳು ಕಾಲಿಗೆಲ್ಲ ರಾಚುತ್ತದೆ. ಹಗ್ಗ ಒಣಗಿ ಪಟಪಟ ತುಂಡಾದರೆ ಒಂದು ರಾತ್ರಿ ನೀರಲ್ಲಿ ನೆನೆಹಾಕಿ, ಮತ್ತೆ ಮೆದುವಾಗುತ್ತದೆ.

ನನಗೆ ಇವತ್ತಿಗೂ ಬೇಸರ ಇರುವ ವಿಷಯ ಒಂದು ಉಂಟು. ಮೊದಲ ವರ್ಷ ಎರಡು ವರ್ಷದ ಅಡಿಕೆ ಸಸಿಗಳ ಬುಡದ ಹುಲ್ಲನ್ನೂ ಹಗ್ಗದಲ್ಲೇ ತೆಗೆದೆ. ಹಗ್ಗ ಮೆದು, ಏನೂ ಆಗುವುದಿಲ್ಲ ಅಂದುಕೊಂಡೆ. ಅದು ಬುಡವನ್ನು ಸುತ್ತ ಕೊರೆದು ಹಾಕಿತ್ತು. ಹನ್ನೊಂದು ಸಸಿ ಹೋಯಿತು. ಎರಡು ವರ್ಷ ನೀರು ಹಾಕಿ ಸಾಕಿದ್ದು. ಸಸಿಯ ಸುತ್ತ ಒಂದು ಮೊಳ ಜಾಗ ಕೈಯಲ್ಲೇ ತೆಗೆಯಿರಿ, ಕತ್ತಿಯಲ್ಲಿ. ಇದರಲ್ಲಿ ಅವಸರ ಬೇಡ.

ಪೈಪೂ ಹಾಗೆ. ಸ್ಪ್ರಿಂಕ್ಲರ್ ಪೈಪ್ ಹುಲ್ಲಿನೊಳಗೆ ಕಾಣುವುದಿಲ್ಲ. ಬೇಸಿಗೆಯಲ್ಲಿಯೇ ಜೆಟ್ ಇರುವಲ್ಲಿ ಗೂಟ ಹೊಡೆದು ಬಿಳಿ ಬಣ್ಣ ಬಳಿಯಿರಿ. ಬಿದ್ದ ಮಡಲು, ತೆಂಗಿನ ಸಿಪ್ಪೆ ಮೊದಲೇ ಹೆಕ್ಕಿ. ಸಿಪ್ಪೆಯ ನಾರು ಸುತ್ತಿಕೊಂಡರೆ ಬಿಡಿಸಲು ಅರ್ಧ ಗಂಟೆ. ಬಿಡಿಸುವಾಗ ಎಂಜಿನ್ ನಿಲ್ಲಿಸಿಯೇ ಕೈ ಹಾಕಿ, ಬರೀ ರೇಸ್ ಬಿಟ್ಟರೆ ಸಾಲದು.

ಮಂಗಳೂರು, ಕುಲಶೇಖರದಿಂದ

ನಮ್ಮದು 11 ಸೆಂಟ್ಸ್ ಅಷ್ಟೇ. ಬ್ಯಾಟರಿಯದ್ದು ತಂದೆವು. ಹಗುರ, ಶಬ್ದ ಕಡಿಮೆ, ಹೊಗೆ ಇಲ್ಲ. ನನಗೆ 61 ವರ್ಷ, ನಾನೇ ಮಾಡುತ್ತೇನೆ. ಆದರೆ ತಂಗಿ, 60 ಸೆಂಟ್ಸ್‌ಗೆ, ಅದೂ ಜುಲೈನ ಹುಲ್ಲಿಗೆ, ಇದು ಸಾಕಾಗದು. ನಮ್ಮದೇ ಒಂದು ಚಾರ್ಜ್‌ನಲ್ಲಿ ಮುಗಿಯುವುದಿಲ್ಲ.

ಬಟ್ಟೆ ಬಗ್ಗೆ ಗಂಡಸರು ಯಾರೂ ಹೇಳಲಿಲ್ಲ ನೋಡಿ. ಸೀರೆ, ನೈಟಿ, ಚೂಡಿದಾರದ ಶಾಲು ಯಾವುದೂ ಬೇಡ. ದಪ್ಪ ಪ್ಯಾಂಟು, ಮೊಣಕಾಲವರೆಗಿನ ಗಮ್‌ಬೂಟ್, ಯಜಮಾನರ ಹಳೆಯ ಫುಲ್ ಅಂಗಿ. ಕೂದಲು ಕಟ್ಟಿ ಟೋಪಿಯೊಳಗೆ ಹಾಕಿ. ಮುಖಕ್ಕೆ ಜಾಲರಿ ಬರುತ್ತದೆ, ಅದರ ಒಳಗೆ ಕನ್ನಡಕವೂ ಇರಲಿ. ಕಿವಿಗೆ ಬಿರಡೆ.

ಮಗಳನ್ನು ಮನೆಯೊಳಗೆ ಕೂರಿಸಿ. ನೀರು ಕೊಡಲು ಅಂತ ಹಿಂದಿನಿಂದ ಬರುತ್ತಾರೆ ಮಕ್ಕಳು, ನಮಗೆ ಕೇಳಿಸುವುದಿಲ್ಲ. 15 ಮೀಟರ್ ಒಳಗೆ ಯಾರೂ ಇರಬಾರದು. ನಮ್ಮ ಮೆಷಿನ್ ಸಣ್ಣದು. ಆದರೂ ಒಂದು ಜಲ್ಲಿಕಲ್ಲು ಹಾರಿ ಪಕ್ಕದ ಮನೆಯ ಅಡುಗೆಕೋಣೆ ಗಾಜು ಒಡೆಯಿತು. ಒಳಗೆ ಅಜ್ಜಿ ನಿಂತಿದ್ದರು. ಅವರಿಗೆ ಏನೂ ಆಗಲಿಲ್ಲ, ದೇವರ ದಯೆ. ಕಲ್ಲು ನಮ್ಮ ಕಡೆ ಹಾರದಂತೆ ತಡೆಯುವ ಗಾರ್ಡ್ ತೆಗೆದರೆ ಸಲೀಸು ಅಂತ ಯಾರಾದರೂ ಹೇಳಿದರೆ ಕೇಳಬೇಡಿ.

ಬ್ರಹ್ಮಾವರದಿಂದ

ನಾನು ಇಂಥ ಮೆಷಿನ್ ರಿಪೇರಿ ಮಾಡುವವನು. ಟು-ಸ್ಟ್ರೋಕಾ ಫೋರ್-ಸ್ಟ್ರೋಕಾ ಅಂತ ಕೇಳಿದ್ದೀರಿ. ಟು-ಸ್ಟ್ರೋಕ್ ಹಗುರ, ಎಳೆತ ಜೋರು, ರಿಪೇರಿಯೂ ಸುಲಭ. ಆದರೆ ಪೆಟ್ರೋಲ್‌ಗೆ ಟು-ಟಿ ಆಯಿಲ್ ಅಳತೆ ಮಾಡಿ ಬೆರೆಸಲೇಬೇಕು. 50ಕ್ಕೆ 1 ಅಂದರೆ ಲೀಟರಿಗೆ 20 ಎಂಎಲ್, 25ಕ್ಕೆ 1 ಅಂದರೆ 40 ಎಂಎಲ್. ಯಾವುದು ಅಂತ ಮೆಷಿನ್ ಪುಸ್ತಕದಲ್ಲಿ ಇರುತ್ತದೆ. ಬೆರೆಸಲು ಮರೆತು ಬರೀ ಪೆಟ್ರೋಲ್ ಹಾಕಿ ಪಿಸ್ಟನ್ ಹಿಡಿದುಕೊಂಡ ಮೆಷಿನ್ ಪ್ರತಿ ಮಳೆಗಾಲ ನನ್ನಲ್ಲಿಗೆ ಬರುತ್ತದೆ. ಮನೆಯಲ್ಲಿ ಒಬ್ಬರೇ ನೋಡಿಕೊಳ್ಳುವುದಾದರೆ ಫೋರ್-ಸ್ಟ್ರೋಕ್ ತಗೊಳ್ಳಿ ಅನ್ನುತ್ತೇನೆ. ಶಬ್ದವೂ ಮೆತ್ತಗೆ, ಅತ್ತೆಯವರಿಗೂ ತೊಂದರೆ ಕಡಿಮೆ.

ಅದಕ್ಕಿಂತ ದೊಡ್ಡ ವಿಷಯ ಹಳೆಯ ಪೆಟ್ರೋಲ್. ಈಗ ಬಂಕ್‌ಗಳಲ್ಲಿ ಸಿಗುವುದು ಶೇ. 20 ಎಥೆನಾಲ್ ಬೆರೆತದ್ದು. ಎಥೆನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ. ನಮ್ಮಲ್ಲಿ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಆಸುಪಾಸು ಮಳೆ, ಗಾಳಿಯಲ್ಲಿ ತೇವ ಕೇಳುವುದೇ ಬೇಡ. ಜಾಸ್ತಿ ನೀರು ಸೇರಿದರೆ ಎಥೆನಾಲ್, ನೀರು ಎರಡೂ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಕಾರ್ಬುರೇಟರ್ ಹಾಳಾಗುವುದು ಹೀಗೆ. ಒಂದು ವಾರಕ್ಕಿಂತ ಜಾಸ್ತಿ ಮೆಷಿನ್ ಮುಟ್ಟುವುದಿಲ್ಲ ಅಂತಾದರೆ ಟ್ಯಾಂಕ್ ಖಾಲಿ ಮಾಡಿ, ತಾನಾಗಿ ನಿಲ್ಲುವವರೆಗೆ ಓಡಿಸಿ ಇಡಿ. ನನ್ನ ಹತ್ತಿರ ಬರುವ ಮೆಷಿನ್‌ಗಳಲ್ಲಿ ಅರ್ಧಕ್ಕೆ ಇದೊಂದೇ ಕಾಯಿಲೆ, ಸುಮ್ನೆ ಹೇಳುತ್ತಿಲ್ಲ.

ಏರ್ ಫಿಲ್ಟರ್ 25 ಗಂಟೆಗೊಮ್ಮೆ ತೊಳೆಯಿರಿ. ಗೇರ್ ಇರುವ ತುದಿಗೆ ಆಗಾಗ ಗ್ರೀಸ್ ತುಂಬಿಸಿ. ರೇಸ್ ಪೂರ್ತಿ ಬಿಟ್ಟಾಗಲೂ ಬ್ಲೇಡ್ ತಿರುಗುತ್ತಿದ್ದರೆ ಹಾಗೆಯೇ ಕೆಲಸಕ್ಕೆ ಇಳಿಯಬೇಡಿ, ತೋರಿಸಿ.

ಮತ್ತೆ, ಪಹಣಿ ನಿಮ್ಮ ಮನೆಯವರ ಹೆಸರಲ್ಲಿದ್ದರೆ ತಗೊಳ್ಳುವ ಮೊದಲು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಸಹಾಯಧನ ಉಂಟಾ ಅಂತ ಕೇಳಿ. ಫ್ರೂಟ್ಸ್‌ನ (ರೈತರ ಸರ್ಕಾರಿ ನೋಂದಣಿ) ಎಫ್‌ಐಡಿ ನಂಬರ್ ಬೇಕಾಗುತ್ತದೆ. ಮೊದಲೇ ದುಡ್ಡು ಕೊಟ್ಟು ತಂದು ಆಮೇಲೆ ಕೇಳಲು ಹೋದರೆ ಕಷ್ಟ.

ಹಿರಿಯಡಕದಿಂದ ಮತ್ತೆ, ಐದು ವಾರದ ನಂತರ

ನಿಮಗೆಲ್ಲ ತುಂಬಾ ಥ್ಯಾಂಕ್ಸ್. ಫೋರ್-ಸ್ಟ್ರೋಕ್ ತಂದೆ. ಅಂಗಡಿಯಲ್ಲಿ ನಾಲ್ಕು ಸಲ ಬೆಲ್ಟ್ ಹಾಕಿ ಬಿಚ್ಚಿ ನೋಡಿದೆ. ಕೊನೆಗೆ ಅಲ್ಲಿದ್ದ ಹುಡುಗನೇ ಎರಡು ಹೆಗಲಿನ ಬೆಲ್ಟ್ ಹುಡುಕಿ ಕೊಟ್ಟ.

ಮೊದಲ ದಿನ ಬೆಳಿಗ್ಗೆ ಕೋಲು ಹಿಡಿದು ನೆಲಕ್ಕೆ ಬಡಿಯುತ್ತ ಇಡೀ ಜಾಗ ಒಂದು ಸುತ್ತು ಬಂದೆ. ಹಾವು ಇದ್ದರೆ ಸರಿದು ಹೋಗಲಿ ಅಂತ. ಒಂದು ಕೇರೆ ಹಾವು ಬಾಳೆಬುಡದಿಂದ ಎದ್ದು ಹೋಯಿತು. ನಂದಿಬಟ್ಟಲು ಗಿಡದ ಕೆಳಗೆ ಕಣಜದ ಗೂಡು ಕಂಡಿತು, ಆ ಮೂಲೆ ಹಾಗೆಯೇ ಬಿಟ್ಟೆ. ನಾಗಬನದ ಸುತ್ತ ಮೆಷಿನ್ ಬೇಡ ಅಂತ ಅತ್ತೆ ಹೇಳಿದ್ದರು. ಅದು ನನಗೂ ಸರಿ ಅನಿಸಿತು.

ಸ್ಟಾರ್ಟ್ ಆಗಲು ಏಳು ಸಲ ಎಳೆಯಬೇಕಾಯಿತು. ಮೊದಲ ಅರ್ಧ ಗಂಟೆ ಪರ್ಕಳದ ಅಣ್ಣ ಹೇಳಿದ ಹಾಗೆಯೇ ಆಯಿತು, ರೇಸ್ ಕೊಡಲು ಹೆದರಿಕೆ, ಹುಲ್ಲೆಲ್ಲ ಸುತ್ತಿಕೊಂಡಿತು. ಆಮೇಲೆ ಮೇಲಿನ ಅರ್ಧ, ಕೆಳಗಿನ ಅರ್ಧ ಮಾಡಿದೆ. ಕೈಗೆ ಅದರ ತೂಕ ತಿಳಿಯಲು ಶುರುವಾದ ಮೇಲೆ ನಿಲ್ಲಿಸಲು ಮನಸ್ಸೇ ಬರಲಿಲ್ಲ. ಒಂದು ಟ್ಯಾಂಕ್ ಮುಗಿಯುವಾಗ ಬಾವಿಯ ದಾರಿ, ದನದ ಕೊಟ್ಟಿಗೆಯ ಬದಿ, ಗೇಟಿನವರೆಗೆ ಆಗಿತ್ತು. ಸೊಂಟ ನೋಯುತ್ತದೆ, ಅದು ನಿಜ. ದಿನಕ್ಕೆ ಒಂದು ಟ್ಯಾಂಕ್‌ಗಿಂತ ಜಾಸ್ತಿ ನನ್ನಿಂದ ಆಗುವುದಿಲ್ಲ. ಅದಕ್ಕೇ ಅಷ್ಟೇ ಪೆಟ್ರೋಲ್ ತರುವುದು, ಉಳಿಸಿ ಇಡುವ ಪ್ರಶ್ನೆಯೂ ಇಲ್ಲ. ಅಡಿಕೆ ಸಸಿ ಬುಡಕ್ಕೆ ಕತ್ತಿಯೇ. ಕೊಯ್ದ ಹುಲ್ಲು ಎಲ್ಲ ತೆಂಗಿನ ಬುಡಕ್ಕೆ ಹಾಕಿದೆ.

ನಿನ್ನೆ ಸಂಜೆ ಅತ್ತೆ ಕೋಲು ಊರಿಕೊಂಡು ಒಬ್ಬರೇ ಬಾವಿಕಟ್ಟೆವರೆಗೆ ಹೋಗಿ ಬಂದರು. ಕಳೆದ ಆಗಸ್ಟ್ ನಂತರ ಮಳೆಗಾಲದಲ್ಲಿ ಅವರು ಆ ಕಡೆ ಹೋದದ್ದು ಇದೇ ಮೊದಲು.

ಬರೆಯ ಬದಿ ಇನ್ನೂ ಉಳಿದಿದೆ. ಎರಡು ದಿನ ಬಿಸಿಲು ಬೀಳಲಿ ಅಂತ ಕಾಯುತ್ತಿದ್ದೇನೆ.