ಪೈಥಾನ್: ವಾರ್ಸ್ (vars) ಹಾಕಿದರೆ ಕ್ಲಾಸ್ ಆಟ್ರಿಬ್ಯೂಟ್ ಯಾಕೆ ಕಾಣಿಸಲ್ಲ?

ಹಾಲಿನಲೆಕ್ಕ:
ನಮಸ್ಕಾರ. ನಮ್ಮೂರ ಹಾಲಿನ ಡೇರಿ ಲೆಕ್ಕಕ್ಕೆ ಅಂತ ಪೈಥಾನ್‌ನಲ್ಲಿ ಸಣ್ಣ ಪ್ರೋಗ್ರಾಂ ಬರೀತಿದ್ದೀನಿ. ‘ಸದಸ್ಯ’ ಅನ್ನೋ ಕ್ಲಾಸ್. (ಪೈಥಾನ್ 3 ಕನ್ನಡ ಹೆಸರುಗಳನ್ನೂ ಒಪ್ಪುತ್ತೆ, ಅದೇ ಖುಷಿಗೆ ಎಲ್ಲ ಕನ್ನಡದಲ್ಲೇ ಇಟ್ಟಿದ್ದೀನಿ.) ಕ್ಲಾಸ್ ಒಳಗೆ ನೇರವಾಗಿ ದರ = 35 (ಇದೇ ಕ್ಲಾಸ್ ಆಟ್ರಿಬ್ಯೂಟ್); ಆಬ್ಜೆಕ್ಟ್ ಹುಟ್ಟುವಾಗ ಓಡೋ ಇನಿಟ್‌ನಲ್ಲಿ (__init__) ಹೆಸರು, ಲೀಟರ್. ಅ = ಸದಸ್ಯ("ಗೌರಮ್ಮ", 6) ಅಂತ ಮಾಡಿ ಅ.ದರ ಕೇಳಿದರೆ 35 ಸರಿಯಾಗೇ ಬರುತ್ತೆ. ಆದರೆ ವಾರ್ಸ್(ಅ) ಹಾಕಿದರೆ ಹೆಸರು, ಲೀಟರ್ ಎರಡೇ. ಹೆಸರುಗಳ ಪಟ್ಟಿ ಕೊಡೋ ಡಿರ್(ಅ) (dir) ಹಾಕಿದರೆ ದರ ಸಿಗುತ್ತೆ, ಜೊತೆಗೆ ಡಬಲ್ ಅಂಡರ್‌ಸ್ಕೋರ್ ಹೆಸರುಗಳ ಸಂತೆಯೇ ಸುರಿಯುತ್ತೆ, ವ್ಯಾಲ್ಯೂ ಮಾತ್ರ ಇಲ್ಲ. ನಾನು ಬರೆದಿರೋದಷ್ಟೇ ವ್ಯಾಲ್ಯೂ ಸಮೇತ ನೋಡೋದು ಹೇಗೆ?

ಗೂಬೆಕಣ್ಣು:
ವಾರ್ಸ್ ಕೊಡೋದು ಆ ಆಬ್ಜೆಕ್ಟ್‌ನ ಸ್ವಂತ ಡಿಕ್ಷನರಿ ಮಾತ್ರ ಸರ್. ದರ ಅಲ್ಲಿಲ್ಲ, ಕ್ಲಾಸ್ ಹತ್ತಿರ ಇದೆ. ಅ.ದರ ಅಂದಾಗ ಪೈಥಾನ್ ಆಬ್ಜೆಕ್ಟ್‌ನಲ್ಲಿ ಸಿಗದೆ ಕ್ಲಾಸ್‌ಗೆ ಹೋಗಿ ತಂದುಕೊಟ್ಟಿದೆ. ವಾರ್ಸ್(ಸದಸ್ಯ) ಅಂತ ಕ್ಲಾಸನ್ನೇ ಕೇಳಿ. ಅದರಲ್ಲಿ ಅಂಡರ್‌ಸ್ಕೋರ್‌ನಿಂದ ಶುರುವಾಗೋವನ್ನೂ, ಕಾಲಬಲ್ (ಮೆಥಡ್ ಥರ ಕರೆಯಬಹುದಾದವು) ಆಗಿರೋವನ್ನೂ ಬಿಟ್ಟರೆ ನಿಮಗೆ ಬೇಕಾದ್ದು ಉಳಿಯುತ್ತೆ. ಪೈಥಾನ್ 3.6ರಿಂದ ಈಚೆಗೆ ನೀವು ಬರೆದ ಕ್ರಮದಲ್ಲೇ ಬರುತ್ತೆ.

ಕಾಫಿಕಪ್ಪು:
ಮೇಲಿನವರು ಹೇಳಿದ್ದು ಸರಿ, ಆದರೆ ಪೇರೆಂಟ್ ಕ್ಲಾಸ್‌ನಿಂದ ಬಂದ ಆಟ್ರಿಬ್ಯೂಟ್ ಅದರಲ್ಲಿ ಬರಲ್ಲ. ಅದೂ ಬೇಕಂದ್ರೆ ಇನ್‌ಸ್ಪೆಕ್ಟ್ ಮಾಡ್ಯೂಲ್‌ನ ಗೆಟ್‌ಮೆಂಬರ್ಸ್ (inspect.getmembers) ಇದೆ. ಒಂದು ಎಚ್ಚರಿಕೆ: ಆಬ್ಜೆಕ್ಟ್ ಮೇಲೆ ಅದನ್ನ ಓಡಿಸಿದರೆ ಪ್ರಾಪರ್ಟಿಗಳ (ಆಟ್ರಿಬ್ಯೂಟ್ ಥರ ಕಾಣೋ, ಕೇಳಿದಾಗ ಓಡೋ ಫಂಕ್ಷನ್‌ಗಳ) ಒಳಗಿನ ಕೋಡೂ ಓಡುತ್ತೆ. ಉದಾಹರಣೆಗೆ ನಿಮ್ಮ ಕ್ಲಾಸ್‌ನಲ್ಲಿ ಡೇಟಾಬೇಸ್ ಓದೋ ‘ಬಾಕಿ’ ಅನ್ನೋ ಪ್ರಾಪರ್ಟಿ ಇದ್ದರೆ, ಸುಮ್ಮನೆ ಇಣುಕಿ ನೋಡೋಕೆ ಹೋಗಿ ಕ್ವೆರಿ ಹೊಡೆದಿರ್ತೀರಿ. ಪೈಥಾನ್ 3.11 ಅಥವಾ ಈಚಿನದು ಇದ್ದರೆ ಗೆಟ್‌ಮೆಂಬರ್ಸ್_ಸ್ಟ್ಯಾಟಿಕ್ ಬಳಸಿ, ಅದು ಪ್ರಾಪರ್ಟಿ ಓಡಿಸಲ್ಲ.

ಹಾಲಿನಲೆಕ್ಕ:
ವಾರ್ಸ್(ಸದಸ್ಯ) ಸಾಕಾಯ್ತು, ಥ್ಯಾಂಕ್ಸ್. ಆದರೆ ಇನ್ನೊಂದು ವಿಚಿತ್ರ. ಅ.ದರ = 38 ಅಂತ ಹಾಕಿದ ಮೇಲೆ ವಾರ್ಸ್(ಅ)ನಲ್ಲಿ ದರ ಪ್ರತ್ಯಕ್ಷ! ಉಳಿದ ಸದಸ್ಯರಿಗೆಲ್ಲ ಇನ್ನೂ 35.

ಗೂಬೆಕಣ್ಣು:
ಓದುವಾಗ ಕ್ಲಾಸ್‌ವರೆಗೂ ಹುಡುಕುತ್ತೆ, ಬರೆಯುವಾಗ ಆಬ್ಜೆಕ್ಟ್‌ನಲ್ಲೇ ಬರೆಯುತ್ತೆ. ಈಗ ಗೌರಮ್ಮನವರಿಗೆ ಸ್ವಂತ ದರ ಹುಟ್ಟಿದೆ, ಅದು ಕ್ಲಾಸ್‌ನ ದರವನ್ನ ಮರೆಮಾಡಿದೆ. ಡೆಲ್ ಅ.ದರ (del, ಅಳಿಸು) ಅಂದರೆ ಮತ್ತೆ 35. ಎಲ್ಲರಿಗೂ ಏರಿಸಬೇಕಾದರೆ ಸದಸ್ಯ.ದರ = 38 ಅನ್ನಿ. ವಾರ್ಸ್(ಸದಸ್ಯ)ದ ಒಳಗೇ ತಿದ್ದೋಕೆ ಹೋಗಬೇಡಿ, ಅದು ಮ್ಯಾಪಿಂಗ್‌ಪ್ರಾಕ್ಸಿ (ಡಿಕ್ಷನರಿಯ ನೋಟ), ಓದೋಕೆ ಮಾತ್ರ, ಟೈಪ್‌ಎರರ್ ಬರುತ್ತೆ.